ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ: ಒಂದೂವರೆ ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

2024ರ ಮೇ ತಿಂಗಳ ಒಂದು ಬೆಳಿಗ್ಗೆ. ಇನ್ನೂ ಎಂಟು ಗಂಟೆ ಆಗಿರಲಿಲ್ಲ. ಗುಬ್ಬಿ ಕಡೆಯಿಂದ ಒಬ್ಬರು ಬಂದರು. ಕೈಯಲ್ಲಿ ತಂದೆಯ ಫೋಟೊ. ಶಿವಗಣಾರಾಧನೆಯ ಕಾರ್ಡ್ ಆಗಬೇಕಿತ್ತು. ಸಂಜೆಯೊಳಗೆ ಊರಲ್ಲಿ ಹಂಚಬೇಕು ಅಂದರು.

ತುಮಕೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ, ಹೀಗೆ. ಅವರನ್ನು ಸ್ಟೂಲ್ ಮೇಲೆ ಕೂರಿಸಿ ಕಂಪ್ಯೂಟರ್ ಆನ್ ಮಾಡಿದೆ. ವಿಂಡೋಸ್ ಬರಲು ನಾಲ್ಕು ನಿಮಿಷ. ಕಾರ್ಡ್ ವಿನ್ಯಾಸ ಮಾಡುವ ತಂತ್ರಾಂಶ ಕೋರೆಲ್ ಡ್ರಾ ತೆರೆಯಲು ಇನ್ನೊಂದು ನಿಮಿಷ. ಅಕ್ಷರಗಳ ಪಟ್ಟಿ ಎಳೆದೆ, ಪರದೆ ಬೆಳ್ಳಗೆ ನಿಂತುಬಿಟ್ಟಿತು. ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಕರ್ರ್ ಕರ್ರ್ ಅನ್ನುತ್ತಿತ್ತು. ಅವರು ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ "ಪರವಾಗಿಲ್ಲ ಅಕ್ಕಾ, ನಿಧಾನಕ್ಕೆ ಮಾಡಿ" ಅಂತ ಅವರೇ ನನಗೆ ಸಮಾಧಾನ ಹೇಳಿದರು. ಸಾವಾಗಿದ್ದು ಅವರ ಮನೆಯಲ್ಲಿ. ಸಮಾಧಾನ ಹೇಳಬೇಕಾದವಳು ನಾನು. ಮನಸ್ಸಿಗೆ ತುಂಬಾ ಕಷ್ಟವಾಯಿತು.

ಕಾರ್ಡ್ ಹನ್ನೊಂದು ಗಂಟೆಗೆ ಕೊಟ್ಟೆ. ಅವರು ಹೋದ ಮೇಲೆ ಮಗನಿಗೆ ಫೋನ್ ಮಾಡಿದೆ. ಈ ಕಂಪ್ಯೂಟರ್‌ಗೆ ಏನಾದರೂ ದಾರಿ ಮಾಡಲೇಬೇಕು ಅಂದೆ.

ನನ್ನ ಕಂಪ್ಯೂಟರ್ 2013ರಲ್ಲಿ ಜೋಡಿಸಿದ್ದು. ಇಂಟೆಲ್ ಐ3, ಮೂರನೇ ತಲೆಮಾರು. ಎಚ್61 ಮದರ್‌ಬೋರ್ಡ್. 4 ಜಿಬಿ ರ‍್ಯಾಮ್. 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10. ನಾನು ಮೊದಲು ವಿಚಾರಿಸಿದ ಒಂದು ಅಂಗಡಿಯವರು ಡಬ್ಬಿಯನ್ನು ತೆರೆದೂ ನೋಡಲಿಲ್ಲ. "ಇದು ಮುಗೀತು ಮೇಡಂ, ಹೊಸದು ತಗೊಳಿ, ಮೂವತ್ತೆಂಟು ಸಾವಿರ" ಅಂದರು. ಮೂವತ್ತೆಂಟು ಸಾವಿರ ನನಗೆ ಸಣ್ಣ ಮೊತ್ತ ಅಲ್ಲ. ದುಡ್ಡಿನ ವಿಷಯ ಬಿಟ್ಟರೂ ಇನ್ನೊಂದು ಭಯ ಇತ್ತು. ನನ್ನ ಹಳೇ ಕೆಲಸವೆಲ್ಲ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಹಳೇ ತಂತ್ರಾಂಶದಲ್ಲಿದೆ. ಅಕ್ಷರಗಳು ನುಡಿ ತಂತ್ರಾಂಶದ ಹಳೇ ಫಾಂಟುಗಳು, ಎಲ್ಲ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್ ಅಲ್ಲ. ಈ ಕೆಲಸದಲ್ಲಿ ಇರುವವರಿಗೆ ಇದು ಗೊತ್ತು. "ನುಡಿ 01 ಇ" ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸಿದ ಹಾಗೆ ಕಾಣುತ್ತವೆ. ಹೊಸ ಕಂಪ್ಯೂಟರ್ ಅಂದರೆ ಇದೆಲ್ಲವನ್ನೂ ಮತ್ತೆ ಕೂರಿಸಬೇಕು. ಪೇಜ್‌ಮೇಕರ್‌ನ ಸಿ.ಡಿ. ಮನೆ ಬದಲಿಸಿದಾಗ ಎಲ್ಲಿ ಹೋಯಿತೋ ಸಿಕ್ಕಿಲ್ಲ.

ಮಗ ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ. ಭಾನುವಾರ ಊರಿಗೆ ಬಂದು, ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. "ಅಮ್ಮಾ, ಪ್ರೊಸೆಸರ್ ನೋಡು, 15 ಪರ್ಸೆಂಟ್. ಸುಮ್ನೆ ಕೂತಿದೆ. ಡಿಸ್ಕ್ ನೋಡು, 100. ಎಲ್ಲರೂ ಅದಕ್ಕೇ ಕಾಯ್ತಿದ್ದಾರೆ" ಅಂದ. ಆಗ ನನಗೆ ವಿಷಯ ಅರ್ಥವಾಯಿತು. ಕಂಪ್ಯೂಟರ್ ಪೂರ್ತಿ ಮುದಿಯಾಗಿರಲಿಲ್ಲ. ಅದರೊಳಗಿನ ಒಂದು ಭಾಗ ಉಳಿದವರನ್ನೆಲ್ಲ ತಡೆದು ನಿಲ್ಲಿಸಿತ್ತು.

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಏನು ಕೊಳ್ಳಬೇಕು, ಏನು ಬೇಡ ಅನ್ನುವುದು ತಾನಾಗಿ ತಿಳಿಯುತ್ತದೆ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ಇರುತ್ತದೆ. ನನ್ನದು ನಿಮಿಷಕ್ಕೆ 7200 ಸುತ್ತು ತಿರುಗುವುದು, ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ಸಣ್ಣ ತೋಳು ತಟ್ಟೆಯ ಮೇಲೆ ಆಚೆ ಈಚೆ ಓಡಾಡಿ ಓದುತ್ತದೆ. ಒಂದು ಫೈಲ್ ಬೇಕೆಂದರೆ ತೋಳು ಸರಿಯಾದ ಜಾಗಕ್ಕೆ ಹೋಗಬೇಕು, ಆಮೇಲೆ ಆ ಜಾಗ ತಿರುಗಿ ತೋಳಿನ ಕೆಳಗೆ ಬರಬೇಕು. ಎರಡೂ ಸೇರಿ ಸುಮಾರು 12, 13 ಮಿಲಿಸೆಕೆಂಡ್. ಕೇಳಲು ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿ. ಸೆಕೆಂಡಿಗೆ ಎಂಬತ್ತು ಸಲ ಹೋಗಿ ಬಂದರೆ ಅದೇ ಜಾಸ್ತಿ. ನನ್ನ ಕಂಪ್ಯೂಟರ್‌ನಲ್ಲಿ ಆರುನೂರಕ್ಕೂ ಹೆಚ್ಚು ಫಾಂಟುಗಳಿವೆ. ಒಂದೊಂದೂ ಒಂದೊಂದು ಸಣ್ಣ ಫೈಲ್, ತಟ್ಟೆಯ ಒಂದೊಂದು ಮೂಲೆಯಲ್ಲಿ. ಫಾಂಟ್ ಪಟ್ಟಿ ಎಳೆದಾಗ ಆ ತೋಳು ಆರುನೂರು ಕಡೆ ಓಡಬೇಕು. ಅದರ ಜೊತೆ ವಿಂಡೋಸ್‌ನ ಅಪ್‌ಡೇಟ್, ಆಂಟಿವೈರಸ್ ಕೂಡ ಅದೇ ತೋಳನ್ನು ಎಳೆಯುತ್ತಿರುತ್ತವೆ. ಆ ಕರ್ರ್ ಕರ್ರ್ ಸದ್ದು ಅದರದ್ದೇ.

ಹಾರ್ಡ್ ಡಿಸ್ಕಿನ ಬದಲು ಹಾಕಬಹುದಾದದ್ದು ಎಸ್‌ಎಸ್‌ಡಿ. ಅದರಲ್ಲಿ ತಟ್ಟೆ ಇಲ್ಲ, ತೋಳೂ ಇಲ್ಲ. ಪೆನ್‌ಡ್ರೈವ್, ಮೊಬೈಲ್ ಒಳಗಿರುವ ಹಾಗೆ ಚಿಪ್ಪುಗಳು ಮಾತ್ರ. ಯಾವ ಮೂಲೆಯ ಫೈಲ್ ಕೇಳಿದರೂ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಓದಿ ಕೊಡುತ್ತದೆ. ಹಾರ್ಡ್ ಡಿಸ್ಕ್ ಒಂದು ಸಲ ಹೋಗಿ ಬರುವುದರೊಳಗೆ ಇದು ನೂರು ಸಲಕ್ಕೂ ಹೆಚ್ಚು ಹೋಗಿ ಬಂದಿರುತ್ತದೆ.

ಕೊಳ್ಳುವ ಮೊದಲು ನನ್ನ ಬೋರ್ಡಿಗೆ ಏನು ಹೊಂದುತ್ತದೆ ಅಂತ ನೋಡಬೇಕಾಯಿತು. ಈಗಿನ ಎಸ್‌ಎಸ್‌ಡಿಗಳು ಹೆಚ್ಚಾಗಿ ಎಂ.2 ಅನ್ನುವ ಚೂಯಿಂಗ್ ಗಮ್ ಪಟ್ಟಿಯಂಥ ಆಕಾರದಲ್ಲಿ ಬರುತ್ತವೆ. ನನ್ನ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಸಾಟಾ ಅನ್ನುವ ಕೇಬಲ್ ಜೋಡಣೆಯ 2.5 ಇಂಚಿನ ಎಸ್‌ಎಸ್‌ಡಿಯೇ ಗತಿ. ಅದು ನಮ್ಮ ಹಾರ್ಡ್ ಡಿಸ್ಕಿಗೆ ಹೋಗುವ ಅದೇ ಕೇಬಲ್, ಅದೇ ಕರೆಂಟ್ ಪಿನ್ನಿಗೆ ಕೂರುತ್ತದೆ.

ಇನ್ನೊಂದು ಮಾತು. ಎಸ್‌ಎಸ್‌ಡಿ ಡಬ್ಬಿಯ ಮೇಲೆ ಸೆಕೆಂಡಿಗೆ 560 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತದೆ. ಎಚ್61 ಬೋರ್ಡಿನಲ್ಲಿ ಇರುವುದು ಹಳೇ 3 ಗಿಗಾಬಿಟ್‌ನ ಸಾಟಾ ಮಾತ್ರ. ಅದರಲ್ಲಿ ಅರ್ಧದಷ್ಟೇ ಬರುತ್ತದೆ. ನನಗೆ ಬಂದದ್ದು 274. ಮೊದಲು ಇದನ್ನು ಓದಿ ನನಗೂ ಬೇಸರವಾಗಿತ್ತು. ದುಡ್ಡು ಪೂರ್ತಿ ಕೊಟ್ಟು ಅರ್ಧ ವೇಗ ತಗೊಳ್ಳುವುದಾ ಅಂತ. ಆದರೆ ಬಳಸಿದ ಮೇಲೆ ಹೇಳುತ್ತೇನೆ, ಆ 560 ನನ್ನಂಥವರ ಕೆಲಸಕ್ಕೆ ಮುಖ್ಯವಾದ ಅಂಕಿ ಅಲ್ಲವೇ ಅಲ್ಲ. ಅದು ಒಂದೇ ದೊಡ್ಡ ಫೈಲನ್ನು ಎಡೆಬಿಡದೆ ಓದುವ ವೇಗ. ನಮ್ಮ ದಿನದ ಕೆಲಸ ಸಣ್ಣ ಸಣ್ಣ ಫೈಲುಗಳದ್ದು. ಕ್ರಿಸ್ಟಲ್ ಡಿಸ್ಕ್ ಮಾರ್ಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಸಣ್ಣ ತುಂಡುಗಳ ಪರೀಕ್ಷೆ ಇದೆ. ಅದರಲ್ಲಿ ನನ್ನ ಹಾರ್ಡ್ ಡಿಸ್ಕಿಗೆ ಬಂದದ್ದು ಸೆಕೆಂಡಿಗೆ 0.6 ಎಂಬಿ. ಎಸ್‌ಎಸ್‌ಡಿಗೆ 24. ನಲವತ್ತು ಪಟ್ಟು. ನಾನು ದಿನಾ ಅನುಭವಿಸುವುದು ಈ ವ್ಯತ್ಯಾಸವನ್ನೇ.

ಜುಲೈ ಮೊದಲ ವಾರ ಆಷಾಢ ಶುರುವಾಯಿತು. ಆಷಾಢದಲ್ಲಿ ಮದುವೆ ಇಲ್ಲ, ನನಗೆ ಕೆಲಸವೂ ಕಡಿಮೆ. ಕಂಪ್ಯೂಟರ್ ಬಿಚ್ಚಲು ಅದೇ ಒಳ್ಳೇ ಸಮಯ. ಶ್ರಾವಣದ ಮದುವೆಗಳಿಗೆ ಖಾಲಿ ಕಾರ್ಡ್ ತರಲು ಸುಲ್ತಾನ್‌ಪೇಟೆಗೆ ಹೇಗೂ ಹೋಗಬೇಕಿತ್ತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ಸ್ಟೇಷನ್, ಚಿಕ್ಕಪೇಟೆಯಲ್ಲಿ ಇಳಿದೆ. ಕಾರ್ಡ್ ಕೆಲಸ ಮುಗಿಸಿ ಎಸ್.ಪಿ. ರೋಡಿಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು. ಕಂಪ್ಯೂಟರ್ ಬಿಡಿಭಾಗ ಬೇಕಾದವರು ಹೋಗುವ ಬೀದಿ ಅದು.

ನಾಲ್ಕು ಅಂಗಡಿಯಲ್ಲಿ ಕೇಳಿದೆ. ನಾನು ಕೇಳಿದ್ದು ಸ್ಯಾಮ್‌ಸಂಗ್ 870 ಇವೊ, 500 ಜಿಬಿ. ಒಂದು ಕಡೆ ಬಿಲ್ ಇಲ್ಲದಿದ್ದರೆ ಮುನ್ನೂರು ರೂಪಾಯಿ ಕಡಿಮೆ ಅಂದರು. ಬೇಡ ಅಂದೆ. ಇದಕ್ಕೆ ಕಂಪನಿ 5 ವರ್ಷದ ವಾರಂಟಿ ಕೊಡುತ್ತದೆ. ನಾಲ್ಕನೇ ವರ್ಷ ಕೆಟ್ಟರೆ ಕೈಯಲ್ಲಿ ಬಿಲ್ ಇರಬೇಕು. ಕೊನೆಗೆ ತಗೊಂಡ ಅಂಗಡಿಯ ಹುಡುಗ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದು, ಡಬ್ಬಿಯ ನಂಬರಿನ ಜೊತೆ ತಾಳೆ ನೋಡಿ ಅಂತ ತಾನಾಗಿಯೇ ಹೇಳಿದ. ಬೆಲೆ 4,600 ರೂಪಾಯಿ. ಡಬ್ಬಿಯೊಳಗೆ ಎಸ್‌ಎಸ್‌ಡಿ ಬಿಟ್ಟರೆ ಕಾಗದ ಮಾತ್ರ ಇರುತ್ತದೆ. ಕೇಬಲ್, ಸ್ಕ್ರೂ ಬೇರೆ ತಗೋಬೇಕು. ಸಾಟಾ ಕೇಬಲ್ 80, ಸಣ್ಣ ಎಸ್‌ಎಸ್‌ಡಿಯನ್ನು ದೊಡ್ಡ ಜಾಗದಲ್ಲಿ ಕೂರಿಸುವ ತಗಡಿನ ಚೌಕಟ್ಟು 120. ಒಟ್ಟು 4,800. ಇದು 2024ರ ಬೆಲೆ. ಈ ಸಾಮಾನಿನ ಬೆಲೆ ಏರಿಳಿಯುತ್ತಲೇ ಇರುತ್ತದೆ, ಕೊಳ್ಳುವ ದಿನ ನಾಲ್ಕು ಕಡೆ ವಿಚಾರಿಸಿ.

ಇದಕ್ಕಿಂತ ಒಂದೂವರೆ ಸಾವಿರ ಕಡಿಮೆಯವೂ ಇದ್ದವು. ನಾನು ಇದನ್ನೇ ತಗೊಂಡದ್ದಕ್ಕೆ ಕಾರಣ ಇದೆ. ಎಸ್‌ಎಸ್‌ಡಿಗೆ ತನ್ನ ಫೈಲುಗಳು ಎಲ್ಲೆಲ್ಲಿವೆ ಅನ್ನುವ ಒಂದು ಪಟ್ಟಿ ಬೇಕು. ಈ ಮಾದರಿಯಲ್ಲಿ ಆ ಪಟ್ಟಿ ಇಟ್ಟುಕೊಳ್ಳಲು ಬೇರೆಯೇ 512 ಎಂಬಿ ಮೆಮೊರಿ ಇದೆ. ಅಗ್ಗದ ಹಲವು ಮಾದರಿಗಳಲ್ಲಿ ಅದು ಇರುವುದಿಲ್ಲ. ಜಾಗ ತುಂಬುತ್ತ ಬಂದ ಹಾಗೆ ಅವು ಎಡವುವುದು ಜಾಸ್ತಿ. ಬರೀ ಬ್ರೌಸರ್, ಟೈಪಿಂಗ್ ಮಾಡುವ ಮನೆಗೆ ಅಗ್ಗದ್ದೇ ಸಾಕು. ಹೊಟ್ಟೆಪಾಡಿನ ಯಂತ್ರಕ್ಕೆ ನಾನು ಇನ್ನೂ ಸ್ವಲ್ಪ ಹಾಕಿದೆ. ಆದರೆ ಹೆಸರೇ ಇಲ್ಲದ ಡಬ್ಬಿಯನ್ನು ಮಾತ್ರ ಯಾರೂ ತಗೋಬೇಡಿ. ಸಾವಿರ ರೂಪಾಯಿಗೆ 16 ಟಿಬಿ ಅಂತ ಮಾರುತ್ತಾರಲ್ಲ, ಅದು ಶುದ್ಧ ಮೋಸ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು, ಕಂಪ್ಯೂಟರ್‌ಗೆ 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಫೈಲುಗಳೆಲ್ಲ ಹಾಳು. ನಮ್ಮ ಬೀದಿಯ ಒಬ್ಬರು ಮಗಳ ನಾಮಕರಣದ ವಿಡಿಯೊ ಹೀಗೆ ಕಳಕೊಂಡರು.

ಈಗ ಕಷ್ಟದ ಭಾಗ.

ಎಲ್ಲವನ್ನೂ ಹೊಸದಾಗಿ ಕೂರಿಸುವ ಬದಲು ಹಳೇ ಡಿಸ್ಕನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ನಕಲು ಮಾಡುವುದು ಅಂತ ತೀರ್ಮಾನಿಸಿದ್ದೆವು. ಇದಕ್ಕೆ ಕ್ಲೋನ್ ಅನ್ನುತ್ತಾರೆ. ವಿಂಡೋಸ್, ಪೇಜ್‌ಮೇಕರ್, ಫಾಂಟುಗಳು, ಡೆಸ್ಕ್‌ಟಾಪಿನ ಮೇಲಿನ ಚಿತ್ರ ಕೂಡ ಹಾಗೇ ಬರುತ್ತದೆ. ಕಂಪನಿಯೇ ಇದಕ್ಕೆ ಉಚಿತ ತಂತ್ರಾಂಶ ಕೊಡುತ್ತದೆ. ನಮ್ಮ ಡಿಸ್ಕಿನಲ್ಲಿ 212 ಜಿಬಿ ತುಂಬಿತ್ತು. ಶನಿವಾರ ರಾತ್ರಿ ಮಗ ಎರಡನ್ನೂ ಜೋಡಿಸಿ ಶುರು ಮಾಡಿದ. ಕರೆಂಟ್ ಹೋದರೆ ಅಂತ ಯುಪಿಎಸ್‌ಗೆ ಹಾಕಿದ್ದೆವು. 63 ಪರ್ಸೆಂಟ್‌ಗೆ ನಿಂತುಹೋಯಿತು. ಓದಲು ಆಗುತ್ತಿಲ್ಲ ಅಂತ ಸಂದೇಶ ಬಂತು.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅನ್ನುವ ತಂತ್ರಾಂಶ ಹಾಕಿ ನೋಡಿದರೆ ಹಾರ್ಡ್ ಡಿಸ್ಕಿಗೆ ಹಳದಿ ಬಣ್ಣ. ನೀಲಿ ಅಂದರೆ ಚೆನ್ನಾಗಿದೆ, ಹಳದಿ ಅಂದರೆ ಎಚ್ಚರಿಕೆ. ತಟ್ಟೆಯ ಕೆಲವು ಜಾಗ ಆಗಲೇ ಸತ್ತಿದ್ದವು, ಇನ್ನು ಕೆಲವು ಸಾಯುವ ಹಾದಿಯಲ್ಲಿದ್ದವು. ಆ ಕರ್ರ್ ಸದ್ದು ಬರೀ ನಿಧಾನದ್ದಲ್ಲ, ಕಾಯಿಲೆಯದ್ದೂ ಆಗಿತ್ತು. ನಾನು ಎರಡು ವರ್ಷದಿಂದ ಆ ಸದ್ದು ಕೇಳುತ್ತಿದ್ದೆ. ಒಂದು ದಿನವೂ ಈ ಪರೀಕ್ಷೆ ಮಾಡಿರಲಿಲ್ಲ. ಇದನ್ನು ಓದುತ್ತಿರುವವರು ದಯವಿಟ್ಟು ಇವತ್ತೇ ಮಾಡಿ. ಎರಡು ನಿಮಿಷದ ಕೆಲಸ, ದುಡ್ಡಿಲ್ಲ.

ಒಂದು ಒಳ್ಳೇ ಕೆಲಸ ಮೊದಲೇ ಮಾಡಿದ್ದೆವು. ನನ್ನ ತಮ್ಮನ ಎಕ್ಸ್‌ಟರ್ನಲ್ ಡಿಸ್ಕ್ ತಂದು, ಗ್ರಾಹಕರ ಫೋಲ್ಡರುಗಳನ್ನೆಲ್ಲ ಗುರುವಾರವೇ ಅದಕ್ಕೆ ಹಾಕಿದ್ದೆ. ಹಾಗಾಗಿ ಆ ರಾತ್ರಿ ನಿದ್ದೆ ಬಂತು. ಕೆಟ್ಟ ಜಾಗಗಳನ್ನು ಹುಡುಕಿ ಗುರುತು ಹಾಕಲು ವಿಂಡೋಸ್‌ನಲ್ಲೇ ಚೆಕ್ ಡಿಸ್ಕ್ ಅನ್ನುವ ಸೌಲಭ್ಯ ಇದೆ. ಅದನ್ನು ಓಡಿಸಿ ಮಲಗಿದೆವು. ಏಳು ಗಂಟೆ ತಗೊಂಡಿತು. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಹೊತ್ತು ಕೆಲಸ ಕೊಟ್ಟರೆ ಪೂರ್ತಿ ನಿಂತುಹೋಗುವ ಸಾಧ್ಯತೆಯೂ ಇರುತ್ತದೆ. ಬೇಕಾದ ಫೈಲುಗಳು ಬೇರೆ ಕಡೆ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡಿ.

ಭಾನುವಾರ ಬೆಳಿಗ್ಗೆ ಮತ್ತೆ ಕ್ಲೋನ್ ಹಾಕಿದೆವು. ಈ ಸಲ ಪೂರ್ತಿಯಾಯಿತು. ಮೂರು ಫೈಲು ಹೋಗಿದ್ದವು. ಎರಡು ಯಾವುದೋ ಹಳೇ ಬಿಲ್ಲು. ಮೂರನೆಯದು ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಸಂಚಿಕೆಗೆ 2016ರಲ್ಲಿ ಸ್ಕ್ಯಾನ್ ಮಾಡಿದ ಮೊದಲ ಬ್ಯಾಚಿನ ಗುಂಪು ಫೋಟೊ. ಮೇಲಿನ ಸಾಲಿನ ಮುಖಗಳಿವೆ. ಕೆಳಗಿನ ಅರ್ಧ ಬರೀ ಬೂದು ಬಣ್ಣ. ತಮ್ಮನ ಡಿಸ್ಕಿಗೆ ಹೋದ ಪ್ರತಿಯೂ ಹಾಗೇ ಇತ್ತು, ಮೂಲವೇ ಕೆಟ್ಟಿತ್ತಲ್ಲ. ಆ ಫೋಟೊದ ಮೂಲ ಪ್ರತಿ ತಂದುಕೊಟ್ಟಿದ್ದ ಮೇಷ್ಟ್ರು ಈಗ ಇಲ್ಲ. ಅಚ್ಚಾದ ಸಂಚಿಕೆಯಲ್ಲಿ ಚಿತ್ರ ಇದೆ, ಅದನ್ನೇ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೇನೆ. ಆದರೂ ಚುಕ್ಕೆ ಚುಕ್ಕೆ ಕಾಣುತ್ತದೆ.

ಕ್ಲೋನ್ ಆದ ಮೇಲೆ ಹಳೇ ಡಿಸ್ಕಿನ ಕೇಬಲ್ ಕಿತ್ತು, ಬರೀ ಎಸ್‌ಎಸ್‌ಡಿ ಇಟ್ಟು ಮೊದಲ ಸಲ ಆನ್ ಮಾಡಿ. ಎರಡೂ ಇದ್ದರೆ ಕಂಪ್ಯೂಟರ್ ಹಳೆಯದರಿಂದಲೇ ಶುರುವಾಗಿ, ನಮಗೆ ಏನೂ ಬದಲಾಗಿಲ್ಲ ಅನ್ನಿಸಬಹುದು. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಬರುವ ಮೊದಲೇ ತೆರೆಯುವ ಸೆಟ್ಟಿಂಗ್‌ನಲ್ಲಿ, ಸಾಟಾ ಮೋಡ್ ಎಸ್‌ಎಸ್‌ಡಿಗೆ ಹೊಂದುವ ಎಎಚ್‌ಸಿಐ ಇದೆಯಾ ಅಂತಲೂ ನೋಡಿಕೊಳ್ಳಿ. ನಮ್ಮದರಲ್ಲಿ ಮೊದಲೇ ಇತ್ತು.

ಆನ್ ಮಾಡಿದೆವು. ನಾನು ಅಭ್ಯಾಸದಂತೆ ಕಾಫಿ ಇಡಲು ಅಡುಗೆಮನೆಗೆ ಹೊರಟೆ. "ಅಮ್ಮಾ, ಬಂತು" ಅಂದ. ಹಾಲು ಇನ್ನೂ ಪಾತ್ರೆಗೆ ಹಾಕಿರಲಿಲ್ಲ.

ಫೋನಿನ ಸ್ಟಾಪ್‌ವಾಚ್ ಹಿಡಿದು ಹಳೆಯದರಲ್ಲಿ ಮೊದಲೇ ಸಮಯ ಬರೆದಿಟ್ಟಿದ್ದೆ. ಗುಂಡಿ ಒತ್ತಿದಾಗಿನಿಂದ ಕೆಲಸ ಶುರು ಮಾಡುವ ಹೊತ್ತಿಗೆ ಮೊದಲು 4 ನಿಮಿಷ 20 ಸೆಕೆಂಡ್. ಈಗ 38 ಸೆಕೆಂಡ್. ಕೋರೆಲ್ ಡ್ರಾ ತೆರೆಯಲು 70 ಸೆಕೆಂಡ್ ಆಗುತ್ತಿತ್ತು, ಈಗ 9. ಪೇಜ್‌ಮೇಕರ್ ಎರಡು ಸೆಕೆಂಡ್, ಕಣ್ಣು ಮಿಟುಕಿಸುವುದರೊಳಗೆ. 112 ಪುಟದ ಸ್ಮರಣ ಸಂಚಿಕೆ, ಫೋಟೊಗಳ ಸಮೇತ, 1 ನಿಮಿಷ 50 ಸೆಕೆಂಡಿನಿಂದ 14 ಸೆಕೆಂಡಿಗೆ ಇಳಿಯಿತು. ಫಾಂಟ್ ಪಟ್ಟಿ ಎಳೆದರೆ ಸರಸರ ಸರಿಯುತ್ತದೆ. ಆ ಪಟ್ಟಿ ಹಾಗೆ ಸರಿಯುವುದನ್ನು ನೋಡಿ ನನಗೆ ಆದ ಸಂತೋಷ ನಮ್ಮ ಕೆಲಸದವರಿಗೆ ಮಾತ್ರ ಅರ್ಥವಾಗುತ್ತದೆ. ಮೊದಲು ಗ್ರಾಹಕರು "ಬೇರೆ ಅಕ್ಷರ ತೋರಿಸಿ" ಅಂದರೆ ಒಳಗೊಳಗೇ ಹೆದರುತ್ತಿದ್ದೆ. ಈಗ ನಾನೇ "ಇನ್ನೊಂದು ನೋಡ್ತೀರಾ?" ಅಂತ ಕೇಳುತ್ತೇನೆ.

ಬದಲಾಗದ್ದನ್ನೂ ಹೇಳಬೇಕು. ಸಂಚಿಕೆಯನ್ನು ಪಿಡಿಎಫ್ ಮಾಡಲು 2 ನಿಮಿಷ 5 ಸೆಕೆಂಡ್ ಆಗುತ್ತಿತ್ತು, ಈಗ 1 ನಿಮಿಷ 40. ಅಷ್ಟೇ. ಅದು ಪ್ರೊಸೆಸರಿನ ಕೆಲಸ. ಸ್ಕ್ಯಾನರ್, ಪ್ರಿಂಟರ್ ಮೊದಲಿನಷ್ಟೇ ಹೊತ್ತು. ಇಂಟರ್ನೆಟ್ ವೇಗವೂ ಅದೇ. ಫೋಟೊಗೆ ದೊಡ್ಡ ಎಫೆಕ್ಟ್ ಹಾಕಿದರೆ ಕಾಯಲೇಬೇಕು. ಎಸ್‌ಎಸ್‌ಡಿ ಹಾಕಿದರೆ ಹಳೇ ಕಂಪ್ಯೂಟರ್ ಹೊಸದಾಗುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಡಿಸ್ಕಿಗೆ ಕಾಯುವ ಕೆಲಸ ಮಾತ್ರ ವೇಗವಾಗುತ್ತದೆ. ನನ್ನ ದಿನದಲ್ಲಿ ಅಂಥ ಕೆಲಸವೇ ಜಾಸ್ತಿ ಇತ್ತು.

ಒಂದು ತಿಂಗಳು ಬಿಟ್ಟು 700 ರೂಪಾಯಿಗೆ ಹಳೇ 4 ಜಿಬಿ ರ‍್ಯಾಮ್ ಒಂದು ತಂದು ಹಾಕಿದೆ, ಒಟ್ಟು 8 ಆಯಿತು. ಬೇಕೆಂದೇ ತಡ ಮಾಡಿದ್ದು. ಎರಡನ್ನೂ ಒಟ್ಟಿಗೆ ಹಾಕಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತಿರಲಿಲ್ಲ. ರ‍್ಯಾಮಿನಿಂದ ಆದ ಲಾಭ ಬೇರೆ ಥರದ್ದು. ಬ್ರೌಸರ್, ಕೋರೆಲ್, ಪೇಜ್‌ಮೇಕರ್ ಮೂರೂ ಒಟ್ಟಿಗೆ ತೆರೆದಿಟ್ಟರೂ ಈಗ ತೊಡರುವುದಿಲ್ಲ. ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಅನ್ನುತ್ತೇನೆ.

ಎಲ್ಲರೂ ಕೇಳುವ ಪ್ರಶ್ನೆ, ಎಸ್‌ಎಸ್‌ಡಿ ಬೇಗ ಸವೆಯುತ್ತದಂತೆ ಹೌದಾ? ಸವೆಯುವುದು ನಿಜ. ಅದರ ಒಂದೊಂದು ಕೋಶಕ್ಕೂ ಇಷ್ಟು ಸಲ ಮಾತ್ರ ಬರೆಯಬಹುದು ಅಂತ ಮಿತಿ ಇದೆ. ಅದಕ್ಕೇ ಒಳಗಿನ ನಿಯಂತ್ರಕ ಚಿಪ್ಪು ಒಂದೇ ಜಾಗಕ್ಕೆ ಬರೆಯದೆ ಎಲ್ಲ ಕಡೆ ಹಂಚಿ ಬರೆಯುತ್ತದೆ. ನನ್ನ ಮಾದರಿಗೆ ಕಂಪನಿ ಹೇಳುವ ಮಿತಿ 300 ಟಿಬಿ. ಒಂದೂವರೆ ವರ್ಷ ವಾರಕ್ಕೆ ಆರು ದಿನ ಕೆಲಸ ಮಾಡಿದ ಮೇಲೆ ನೋಡಿದೆ. ಬರೆದದ್ದು 6.4 ಟಿಬಿ. ಇದೇ ಲೆಕ್ಕದಲ್ಲಿ ಆ ಮಿತಿ ಮುಟ್ಟಲು ಎಪ್ಪತ್ತು ವರ್ಷ ಬೇಕು. ಸವೆಯುವ ಚಿಂತೆ ಬಿಟ್ಟಿದ್ದೇನೆ. ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಜೋಡಿಸುವ ಡಿಫ್ರ್ಯಾಗ್ ಮಾತ್ರ ಮಾಡಬೇಡಿ, ತೋಳೇ ಇಲ್ಲದ ಮೇಲೆ ಅದರ ಅಗತ್ಯ ಇಲ್ಲ, ಸುಮ್ನೆ ಬರಹ ಜಾಸ್ತಿ. ವಿಂಡೋಸ್ 10 ಎಸ್‌ಎಸ್‌ಡಿಯನ್ನು ಗುರುತಿಸಿ ಅದಕ್ಕೆ ಬೇಕಾದ ಟ್ರಿಮ್ ಅನ್ನು, ಅಂದರೆ ಅಳಿಸಿದ ಫೈಲುಗಳ ಜಾಗ ತೆರವು ಮಾಡುವ ಕೆಲಸವನ್ನು, ತಾನೇ ಮಾಡುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಎರಡು ವಿಷಯಕ್ಕೆ. ಒಂದು, ಹಾರ್ಡ್ ಡಿಸ್ಕ್ ಹಲವು ಸಲ ಸದ್ದು ಮಾಡಿ, ಸತಾಯಿಸಿ, ಸೂಚನೆ ಕೊಟ್ಟು ಸಾಯುತ್ತದೆ. ಎಸ್‌ಎಸ್‌ಡಿ ಹೋದರೆ ಸದ್ದೇ ಇರುವುದಿಲ್ಲ. ನಿನ್ನೆ ಇತ್ತು, ಇವತ್ತು ಕಾಣುತ್ತಿಲ್ಲ ಅನ್ನುವ ಹಾಗೆ. ಅಳಿಸಿದ ಫೈಲನ್ನು ವಾಪಸ್ ತೆಗೆಯುವುದೂ ಅದರಲ್ಲಿ ಬಹಳ ಕಷ್ಟ, ಏಕೆಂದರೆ ಟ್ರಿಮ್ ಆ ಜಾಗವನ್ನು ಖಾಲಿ ಮಾಡಿಬಿಟ್ಟಿರುತ್ತದೆ. ಎರಡು, ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದು ಸರಿಯಲ್ಲ. ಅದರ ಕೋಶದಲ್ಲಿ ಹಿಡಿದಿಟ್ಟ ವಿದ್ಯುತ್ತೇ ನಮ್ಮ ಮಾಹಿತಿ. ಅದು ನಿಧಾನವಾಗಿ ಸೋರುತ್ತದೆ. ಹಾಗಾಗಿ ಹಳೇ ಸಂಚಿಕೆಗಳನ್ನು ಇಡಲು ನಾನು 1 ಟಿಬಿಯ ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ತಗೊಂಡೆ. ಪ್ರತಿ ಶನಿವಾರ ಸಂಜೆ ವಾರದ ಕೆಲಸ ಅದಕ್ಕೆ ಹೋಗುತ್ತದೆ. ಆ ಬೂದು ಬಣ್ಣದ ಫೋಟೊ ನೋಡಿದ ಮೇಲೆ ಒಂದು ಶನಿವಾರವೂ ತಪ್ಪಿಸಿಲ್ಲ.

ವಿಂಡೋಸ್ 10ರ ವಿಷಯ ಕೆಲವರು ಕೇಳುತ್ತಾರೆ. ಅದಕ್ಕೆ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನನ್ನ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮಾತ್ರ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ನಾನು ಮಾಡಿಕೊಂಡಿದ್ದೇನೆ. ಆಮೇಲೆ ಈ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಬಿಡಿಸಿ ಬರೀ ಪೇಜ್‌ಮೇಕರ್ ಕೆಲಸಕ್ಕೆ ಇಟ್ಟುಕೊಂಡು, ಮೇಲ್, ವಾಟ್ಸ್‌ಆ್ಯಪ್‌ಗೆ ಬೇರೆ ವ್ಯವಸ್ಥೆ ಮಾಡುವ ಯೋಚನೆ ಇದೆ. ಮುಂದೆ ಕಂಪ್ಯೂಟರ್ ಬದಲಿಸಿದರೂ ಎಸ್‌ಎಸ್‌ಡಿ ದಂಡ ಆಗುವುದಿಲ್ಲ, ಕಿತ್ತು ಹೊಸದಕ್ಕೆ ಹಾಕಬಹುದು. ಹೊಸ ಬೋರ್ಡಿನಲ್ಲಿ ಆ ಉಳಿದ ಅರ್ಧ ವೇಗವೂ ಸಿಗುತ್ತದೆ.

ಹೋದ ವಾರ ತಂಗಿ ತನ್ನ ಹಳೇ ಲ್ಯಾಪ್‌ಟಾಪ್ ತಂದು ಕೊಟ್ಟಿದ್ದಾಳೆ. "ಅಕ್ಕಾ, ಇದಕ್ಕೂ ಹಾಕಿಕೊಡೇ" ಅಂದಳು. ಮೊದಲು ಅವಳ ಮಕ್ಕಳ ಫೋಟೊಗಳನ್ನೆಲ್ಲ ನನ್ನ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ನೋಡಿದೆ, ನೀಲಿ ಬಣ್ಣವೇ ಇದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ 5400 ಸುತ್ತಿನ 2.5 ಇಂಚಿನ ಡಿಸ್ಕ್. ಆ ಜಾಗಕ್ಕೆ ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ, ತಗಡಿನ ಚೌಕಟ್ಟೂ ಬೇಡ. ಸುಲ್ತಾನ್‌ಪೇಟೆಗೆ ಮುಂದಿನ ಸಲ ಹೋದಾಗ ಎಸ್.ಪಿ. ರೋಡಿನ ಅದೇ ಅಂಗಡಿಯಿಂದ ತರುತ್ತೇನೆ.